ಮೂರು ಕ್ಲಿಕ್ಕಿನಲ್ಲಿ ಮಾಯವಾದ ಯಜಮಾನ

ನಾನು ಬದುಕಿದ್ದೇನೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ನಮ್ಮ ಮನೆಯಲ್ಲಿ ಅದಕ್ಕೆ ಸಾಕ್ಷಿಯಿಲ್ಲ. "ಎದುರಿಗೇ ಕೂತು ಮಾತಾಡ್ತಿದ್ದೀಯಲ್ಲಪ್ಪ, ಇನ್ನೇನು ಸಾಕ್ಷಿ ಬೇಕು?" ಎನ್ನುವವರು ಇರಬಹುದು. ಅಂಥವರಿಗೆ ಸಂಸಾರದ ಅನುಭವ ಸಾಲದು ಎಂದಷ್ಟೇ ಹೇಳಬಲ್ಲೆ.

ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ನನಗೆ ಕೆಲಸ. ಬೆಳಗಿನಿಂದ ಸಂಜೆಯವರೆಗೆ ಊರಿನವರ ನಲ್ಲಿಗಳ ಗೋಳು ಕೇಳುತ್ತೇನೆ. ಮನೆಗೆ ಬಂದರೆ ನನ್ನ ಗೋಳು ಕೇಳುವವರು ಯಾರೂ ಇಲ್ಲ. ದೀಪದ ಬುಡದಲ್ಲಿ ಕತ್ತಲೆ ಅಂತಾರಲ್ಲ, ಆ ಕತ್ತಲೆಯೇ ನಾನು. ಇಂಥ ಬಾಳಿನಲ್ಲಿ ನನಗಿರುವ ಒಂದೇ ಒಂದು ಚಟ ಕ್ಯಾಮೆರಾ. ಮದುವೆಯಾದಾಗಿನಿಂದ ಈ ಮನೆಯಲ್ಲಿ ನಡೆದದ್ದನ್ನೆಲ್ಲ ನಾನೇ ಫೋಟೋ ತೆಗೆದಿದ್ದೇನೆ. ಮಗಳ ಮೊದಲ ಹಲ್ಲು, ಹೆಂಡತಿಯ ಮೊದಲ ಹೂಕುಂಡ, ಅತ್ತೆಯ ಹೊಸ ಕನ್ನಡಕ, ಬೆಕ್ಕಿನ ಆಕಳಿಕೆ, ಯಾವುದನ್ನೂ ಬಿಟ್ಟಿಲ್ಲ. ಕಪಾಟಿನ ತುಂಬ ಆಲ್ಬಂಗಳು.

ಒಂದು ದಿನ ನಾನು ಕಚೇರಿಯಲ್ಲಿದ್ದಾಗ ನನ್ನ ಹೆಂಡತಿಯ ತಂದೆಯ ಕಡೆಯಿಂದ ದೊಡ್ಡಮ್ಮ ಒಬ್ಬರು ಮನೆಗೆ ಬಂದರು. ಬಹಳ ದೂರದ ಊರು, ಅದಕ್ಕಿಂತ ದೂರದ ಸಂಬಂಧ. ನಮ್ಮ ಮದುವೆಗೂ ಬಂದವರಲ್ಲ, ನನ್ನ ಮುಖವನ್ನು ಒಮ್ಮೆಯೂ ಕಂಡವರಲ್ಲ. ಅತ್ತೆ ಆಗ ನಿದ್ದೆಯಲ್ಲಿದ್ದರಂತೆ. ಇವರು ಕೂತು ನಿಧಾನವಾಗಿ ಆಲ್ಬಂಗಳನ್ನೆಲ್ಲ ಮಗುಚಿ ನೋಡಿದರಂತೆ. ಕೊನೆಯ ಆಲ್ಬಂ ಮುಚ್ಚಿಟ್ಟು, ನನ್ನ ಹೆಂಡತಿಯ ಕೈ ಹಿಡಿದುಕೊಂಡು ಕೇಳಿದರಂತೆ.

"ಮಗಳೇ, ನಿನ್ನ ಗಂಡ ಹೋಗಿ ಎಷ್ಟು ಕಾಲ ಆಯ್ತು?"

ಇದನ್ನು ನನ್ನ ಹೆಂಡತಿ ಊಟಕ್ಕೆ ಬಡಿಸುತ್ತಾ ನಗುನಗುತ್ತಾ ಹೇಳಿದಳು. ಎತ್ತಿದ ತುತ್ತನ್ನು ತಟ್ಟೆಗೇ ಇಟ್ಟೆ.

"ನೀನು ಏನಂದೆ?"

"ಬೆಳಿಗ್ಗೆ ಒಂಬತ್ತಕ್ಕೆ ಹೋದ್ರು ಅಂದೆ. ಅಷ್ಟಕ್ಕೇ ಅವರು ಅಳೋಕೆ ಶುರು ಮಾಡಿದ್ರು."

"ಇಲ್ಲ, ಬದುಕಿದ್ದಾರೆ ಅನ್ನೋಕೇನಾಗಿತ್ತು ನಿಂಗೆ?"

"ಪಾಪ, ಅಷ್ಟು ಮನಸ್ಸಿಟ್ಟು ಅಳ್ತಿದ್ರು ರೀ. ಮಧ್ಯದಲ್ಲಿ ಹೇಗೆ ತಡೆಯೋದು? ಅವರು ಅಳೋದು ನೋಡಿ ನಂಗೂ ಕರುಳು ಕಿತ್ತು ಬಂತು. ನಾನೂ ಒಂದು ಸ್ವಲ್ಪ ಅತ್ತುಬಿಟ್ಟೆ. ಅಷ್ಟರಲ್ಲಿ ಅವರ ಬಸ್ಸಿಗೆ ಹೊತ್ತಾಯ್ತು."

ಗಂಡ ಬದುಕಿರುವಾಗಲೇ, ಬಸ್ಸಿಗೆ ಹೊತ್ತಾಯಿತೆಂಬ ಕಾರಣಕ್ಕೆ ಅವನನ್ನು ಸತ್ತವರ ಸಾಲಿನಲ್ಲಿ ಬಿಟ್ಟುಬಂದ ಹೆಂಡತಿ ಇನ್ನೆಲ್ಲಾದರೂ ಇದ್ದರೆ ದಯವಿಟ್ಟು ನನಗೆ ತಿಳಿಸಿ. ಅವಳ ಗಂಡನೂ ನಾನೂ ಸೇರಿ ಒಂದು ಸಂಘ ಕಟ್ಟುತ್ತೇವೆ.

"ಫೋನ್ ಮಾಡಿ ಹೇಳು," ಎಂದೆ.

"ಅವರ ಹತ್ರ ಫೋನೇ ಇಲ್ಲ. ಇನ್ನೊಂದ್ಸಲ ಬರ್ತೀನಿ ಅಂದಿದ್ದಾರಲ್ಲ, ಆಗ ನೋಡ್ಕೊಂಡ್ರಾಯ್ತು."

ಮಗಳು ಕಾಲೇಜಿನಲ್ಲಿ ಕಾನೂನು ಓದುತ್ತಾಳೆ. ಅವಳು ಆಲ್ಬಂಗಳ ರಾಶಿ ಹೊತ್ತು ತಂದು ಹರಡಿಕೊಂಡು ಕೂತಳು. "ಅಪ್ಪಾ, ದೊಡ್ಡಜ್ಜಿಯದು ತಪ್ಪಿಲ್ಲ. ನೀವಿದ್ದೀರಿ ಅನ್ನೋಕೆ ಇದರಲ್ಲಿ ಏನೂ ಪುರಾವೆ ಇಲ್ಲ," ಎಂದು ತೀರ್ಪು ಕೊಟ್ಟಳು. ನಾನೂ ಹುಡುಕಿದೆ. ಒಂದು ಫೋಟೋದ ಮೂಲೆಯಲ್ಲಿ ನನ್ನ ಹೆಬ್ಬೆರಳು ಸಿಕ್ಕಿತು. ಇನ್ನೊಂದರಲ್ಲಿ ಹುಲ್ಲಿನ ಮೇಲೆ ಬಿದ್ದ ನನ್ನ ನೆರಳು. ಮತ್ತೊಂದರಲ್ಲಿ ಹೊಳೆಯುವ ಚಮಚದ ಹೊಟ್ಟೆಯೊಳಗೆ ತಲೆಕೆಳಗಾದ ಒಂದು ಆಕೃತಿ, ಅದು ನಾನೂ ಆಗಿರಬಹುದು, ಹೂಜಿಯೂ ಆಗಿರಬಹುದು. (ಮದುವೆಯ ಆಲ್ಬಂ ಎಲ್ಲಿ ಎಂದು ನೀವು ಕೇಳುತ್ತೀರಿ. ಅಟ್ಟದ ಮೇಲಿನ ನೀರಿನ ಪೈಪು ಒಡೆದು ಅದು ನೀರುಪಾಲಾಯಿತು. ನೀರು ಸರಬರಾಜು ಕಚೇರಿಯವನ ಮನೆಯಲ್ಲಿ! ಒಣಗಿಸಿ ಬಿಡಿಸಿದಾಗ ವರನ ಮುಖವಷ್ಟೇ ಎದುರು ಪುಟಕ್ಕೆ ಅಂಟಿಕೊಂಡು ಕಿತ್ತುಹೋಗಿತ್ತು.)

ನಗಬೇಡಿ. ನನಗೆ ನಿಜವಾಗಿಯೂ ಸಂಕಟವಾಯಿತು. ಇಷ್ಟು ವರ್ಷ ಇವರನ್ನೆಲ್ಲ ಒಂದೇ ಕಣ್ಣು ತೆರೆದು, ಇನ್ನೊಂದು ಕಣ್ಣು ಮುಚ್ಚಿಕೊಂಡು ಎಷ್ಟು ಪ್ರೀತಿಯಿಂದ ನೋಡಿದ್ದೇನೆ. ಒಬ್ಬರಿಗಾದರೂ "ಕೊಡಿ ಇಲ್ಲಿ, ನಿಮ್ಮದೊಂದು ತೆಗೀತೀನಿ" ಎನ್ನಬೇಕೆಂದು ಅನಿಸಲಿಲ್ಲವಲ್ಲ! ಅಂದೇ ನಿಶ್ಚಯಿಸಿದೆ. ಆ ದೊಡ್ಡಮ್ಮ ಮತ್ತೆ ಬರುವುದರೊಳಗೆ ನಾನು, ನನ್ನ ಇಡೀ ಶರೀರ, ಕುಟುಂಬದ ನಡುವೆ ವಿರಾಜಮಾನವಾಗಿರುವ ಒಂದು ಚಿತ್ರ ಹಜಾರದ ಗೋಡೆಯ ಮೇಲೆ ಇರತಕ್ಕದ್ದು.

"ಮೊಬೈಲಲ್ಲಿ ಒಂದು ಸೆಲ್ಫಿ ತಗೊಂಡ್ರೆ ಮುಗೀತು," ಎಂದಳು ಹೆಂಡತಿ. ಕ್ಯಾಮೆರಾ ಇಟ್ಟುಕೊಂಡವನು ಸೆಲ್ಫಿ ತೆಗೆಯುವುದೆಂದರೆ ಸ್ವಂತ ಬಾವಿ ಇರುವವನು ಪಕ್ಕದ ಮನೆಯ ನಲ್ಲಿಗೆ ಕೊಡ ಹಿಡಿದು ಹೋದಂತೆ. ಆಗದು ಎಂದೆ.

ಈಗ ತೊಡಕು ಶುರುವಾಯಿತು. ನಮ್ಮ ಅತ್ತೆ ಹಜಾರದ ಕಿಟಕಿಯ ಪಕ್ಕದ ಕುರ್ಚಿ ಬಿಟ್ಟು ಏಳುವವರಲ್ಲ. ಮಂಡಿನೋವು ನೆಪ, ಬೀದಿಯ ವಿದ್ಯಮಾನ ಕಾರಣ. ಫೋಟೋ ತೆಗೆದರೆ ಅಲ್ಲೇ ತೆಗೆಯಬೇಕು. ಆ ಕಿಟಕಿಯಾಚೆ ನನ್ನ ಹೆಂಡತಿ ಮಗುವಿಗಿಂತ ಹೆಚ್ಚು ಅಕ್ಕರೆಯಿಂದ ಸಾಕಿದ ಹೂಬಳ್ಳಿ ಆಗ ಮೈತುಂಬ ಹೂ ಬಿಟ್ಟಿತ್ತು. ಅದೂ ಫೋಟೋದಲ್ಲಿ ಬರಬೇಕು. ಆದರೆ ಆ ಕಿಟಕಿಯಿಂದ ಬಿಸಿಲು ಒಳಗೆ ನುಗ್ಗುತ್ತದೆ. ಹೂವು ಕಾಣುವ ಹಾಗೆ ತೆಗೆದರೆ ಮುಂದೆ ಕೂತವರೆಲ್ಲ ಬಾಣಲೆಯ ತಳದಂತೆ ಕಪ್ಪು. ಮುಖ ಕಾಣುವ ಹಾಗೆ ತೆಗೆದರೆ ಕಿಟಕಿಯಲ್ಲಿ ಒಗೆದ ಬೆಡ್‌ಶೀಟು ಹರವಿದ ಹಾಗೆ ಬರೀ ಬಿಳುಪು. ಇಷ್ಟು ವರ್ಷ ನಾನು ತೆಗೆದ ಪ್ರತಿ ಫೋಟೋದಲ್ಲೂ ಅತ್ತೆ ಕಪ್ಪಗೆ ಬಂದಿದ್ದಾರೆ. "ನಿನ್ನ ಗಂಡನಿಗೆ ನನ್ನ ಮೇಲೆ ಅದೇನು ಸಿಟ್ಟೋ ಕಾಣೆ" ಎಂದು ಅವರು ಮಗಳ ಹತ್ತಿರ ಹೇಳಿಕೊಳ್ಳದ ದಿನವಿಲ್ಲ.

ಇದಕ್ಕೆ ಮದ್ದು ಹುಡುಕುತ್ತಾ ಮೊಬೈಲಿನಲ್ಲಿ ಪಾಠಗಳನ್ನು ನೋಡುತ್ತಿದ್ದಾಗ ನನಗೆ ಜ್ಞಾನೋದಯವಾಯಿತು. ಆ ಜ್ಞಾನದ ಹೆಸರು ಎಚ್‌ಡಿಆರ್. ಹೆಂಡತಿಯನ್ನು ಕೂರಿಸಿಕೊಂಡು ವಿವರಿಸಿದೆ.

"ಒಂದೇ ಜಾಗದಿಂದ ಮೂರು ಫೋಟೋ ತೆಗೀತೀನಿ. ಒಂದು ಕಪ್ಪಗೆ, ಒಂದು ಹದವಾಗಿ, ಒಂದು ಬೆಳ್ಳಗೆ. ಮೂರನ್ನೂ ಕಂಪ್ಯೂಟರ್ ಸೇರಿಸಿ ಒಂದು ಮಾಡುತ್ತೆ. ಕಪ್ಪಗಿರೋದರಿಂದ ನಿನ್ನ ಹೂವು ತಗೊಳ್ಳುತ್ತೆ, ಬೆಳ್ಳಗಿರೋದರಿಂದ ನಿಮ್ಮಮ್ಮನ ಮುಖ ತಗೊಳ್ಳುತ್ತೆ."

"ಹದವಾಗಿರೋದರಿಂದ?"

"ಉಳಿದದ್ದೆಲ್ಲ."

"ಒಂದನ್ನೇ ನೆಟ್ಟಗೆ ತೆಗೆಯೋಕೆ ಬರದವರು ಮೂರು ತೆಗೀತೀರಾ?"

ಮಹತ್ಕಾರ್ಯಕ್ಕೆ ಹೊರಟವನು ಕೊಂಕು ಮಾತಿಗೆ ಕಿವಿಗೊಡಬಾರದು.

ಭಾನುವಾರ ಬೆಳಿಗ್ಗೆ ಮುಹೂರ್ತ. ಭಾವಮೈದ ಕೂಡ ಊರಿಂದ ಬಂದಿದ್ದ. ಇವನು ಹುಟ್ಟಾ ಸಲಹೆಗಾರ. ನಲ್ಲಿಯಿಂದ ಹಿಡಿದು ನಕ್ಷತ್ರದವರೆಗೆ ಯಾವುದರ ಬಗ್ಗೆ ಕೇಳಿದರೂ ಹೇಳುತ್ತಾನೆ, ಕೇಳದಿದ್ದರೆ ಇನ್ನೂ ಹೆಚ್ಚು ಹೇಳುತ್ತಾನೆ, ಹೇಳುವಾಗಲೆಲ್ಲ ಎರಡೂ ಕೈ ಬೀಸುತ್ತಾನೆ.

ಕ್ಯಾಮೆರಾ ಕೂದಲೆಳೆಯಷ್ಟೂ ಅಲ್ಲಾಡಬಾರದು, ಅಲ್ಲಾಡಿದರೆ ಮೂರು ಚಿತ್ರಗಳು ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲ ಎಂದು ಪಾಠದಲ್ಲಿ ಹೇಳಿದ್ದರು. ನನ್ನ ಸ್ಟ್ಯಾಂಡಿನ ಒಂದು ಕಾಲಿಗೆ ಅತ್ತೆಯ ಮಂಡಿಯದೇ ಕಾಯಿಲೆ, ನಿಂತಲ್ಲೇ ಕುಸಿಯುತ್ತದೆ. ಬಟ್ಟೆ ಒಣಹಾಕುವ ಹಗ್ಗ ಬಿಚ್ಚಿ ತಂದು ಅದನ್ನು ಊಟದ ಮೇಜಿನ ಕಾಲಿಗೆ ಬಿಗಿದೆ. ಮುಂದಿನ ಪಾಠ, ಕ್ಯಾಮೆರಾದ ಸ್ವಂತ ಬುದ್ಧಿಯನ್ನೆಲ್ಲ ಬಂದ್ ಮಾಡಬೇಕು. ಬೆಳಕು ಎಷ್ಟು, ದೂರ ಎಷ್ಟು ಎಂದು ಅದು ತಾನಾಗಿ ಏನನ್ನೂ ತೀರ್ಮಾನಿಸಕೂಡದು, ಹೇಳಿದಷ್ಟೇ ಮಾಡಬೇಕು. (ಮದುವೆಯಾದ ಗಂಡಸಿಗೆ ಈ ಭಾಗ ಸುಲಭವಾಗಿ ಅರ್ಥವಾಗುತ್ತದೆ.) ಗುಂಡಿ ಒಮ್ಮೆ ಒತ್ತಿದರೆ ಸಾಕು, ಮೂರು ಫೋಟೋ ಒಂದರ ಹಿಂದೊಂದು ತಾವಾಗಿ ಬೀಳುವ ಹಾಗೆ ಸಿದ್ಧಮಾಡಿದೆ.

ಮೊದಲು ನಾನಿಲ್ಲದೆ ಒಂದು ಪ್ರಯೋಗ. ನಾನು ಕ್ಯಾಮೆರಾದ ಪಕ್ಕದಲ್ಲೇ ನಿಂತು ಗುಂಡಿ ಒತ್ತಿದೆ. ಟಕ್.

"ಆಯ್ತಾ?" ಎಂದರು ಅತ್ತೆ. ಟಕ್.

"ಇನ್ನೂ ಇಲ್ಲಮ್ಮ, ಅದು ಮೂರು ಸಲ ಹೊಡೀಬೇಕು," ಎಂದು ಭಾವಮೈದ ಕೈ ಬೀಸಿ ವಿವರಿಸಿದ. ಟಕ್.

ಮಗಳು ಮೂರನ್ನೂ ಕಂಪ್ಯೂಟರಿಗೆ ಹಾಕಿ ಸೇರಿಸಿದಳು. ಎಲ್ಲರೂ ಮುಗಿಬಿದ್ದು ನೋಡಿದೆವು. ಹೂವು ಹೂವಿನ ಹಾಗಿತ್ತು. ಅತ್ತೆಯ ಮುಖದಲ್ಲಿ ಮಾತ್ರ ಒಂದರ ಕೆಳಗೊಂದು ಮೂರು ಬಾಯಿಗಳಿದ್ದವು. ಭಾವಮೈದನಿಗೆ ಆರು ಕೈ. ಅಲ್ಲದೆ ಎಲ್ಲರ ಅಂಚೂ ಸ್ವಲ್ಪ ಕದಡಿತ್ತು.

"ನನಗೆ ಒಂದು ಬಾಯಿ ಇರೋದೇ ನಿನ್ನ ಗಂಡನಿಗೆ ಸಹಿಸೋಕಾಗಲ್ಲ, ಈಗ ಮೂರು ಮಾಡಿ ಲೋಕಕ್ಕೆ ತೋರಿಸ್ತಾನಂತಾ?" ಎಂದರು ಅತ್ತೆ.

ಅಂಚು ಕದಡಿದ್ದು ನನ್ನ ಬೆರಳಿನಿಂದ. ಒತ್ತುವಾಗ ಕ್ಯಾಮೆರಾ ನಡುಗುತ್ತದೆ. ಅದಕ್ಕೂ ಪಾಠದಲ್ಲಿ ಪರಿಹಾರವಿತ್ತು. ಟೈಮರನ್ನು ಎರಡು ಸೆಕೆಂಡಿಗೆ ಇಟ್ಟರೆ, ಒತ್ತಿ ಕೈ ತೆಗೆದ ಮೇಲೆ ನಡುಕ ನಿಂತು, ಆಮೇಲೆ ಫೋಟೋ ಬೀಳುತ್ತದೆ. ಹಾಗೆಯೇ ಇಟ್ಟೆ. ಮತ್ತೊಂದು ಪ್ರಯೋಗ ಮಾಡಿದೆ. ಅಂಚುಗಳು ಬ್ಲೇಡಿನಲ್ಲಿ ಕೊಯ್ದಷ್ಟು ಸ್ಪಷ್ಟ. ಆದರೆ ಈ ಸಲ ಅತ್ತೆಗೆ ನಾಲ್ಕು ಕಣ್ಣು, ಹೆಂಡತಿಗೆ ಎರಡು ಮೂಗು.

ನನಗೆ ರೇಗಿಹೋಯಿತು. ಸೊಂಟದ ಮೇಲೆ ಕೈಯಿಟ್ಟು ನಿಂತು ರಾಜಾಜ್ಞೆ ಹೊರಡಿಸಿದೆ. "ನೋಡಿ, ಮೊದಲನೇ ಟಕ್ಕಿನಿಂದ ಮೂರನೇ ಟಕ್ಕಿನವರೆಗೆ ಯಾರೂ ಮಿಸುಕಾಡಕೂಡದು. ಮನೆಗೆ ಬೆಂಕಿ ಬಿದ್ರೂ ಸರಿ, ಆಕಾಶ ಕಳಚಿ ಬಿದ್ರೂ ಸರಿ. ಬಾಯಿ ಬಿಡಬೇಡಿ, ರೆಪ್ಪೆ ಬಡೀಬೇಡಿ, ಟಕ್ ಅಂದಾಗ ಎಲ್ಲಿದ್ದೀರೋ ಅಲ್ಲೇ ಕಲ್ಲು!"

ಮದುವೆಯಾದಂದಿನಿಂದ ನನ್ನ ಒಂದು ಮಾತನ್ನೂ ನಡೆಸಿಕೊಡದ ಜನ ಈ ಒಂದು ಮಾತನ್ನು ನಡೆಸಿಕೊಟ್ಟರು. ಅದೇ ನನ್ನ ಗ್ರಹಚಾರ.

ಈಗ ನಿಜವಾದ ಫೋಟೋ. ಕಿಟಕಿಯ ಪಕ್ಕ ಅತ್ತೆ. ಅವರ ತೊಡೆಯ ಮೇಲೆ ಬೆಕ್ಕು. ಹಿಂದೆ ಮಗಳು, ಭಾವಮೈದ. ಈ ಕಡೆ ಹೆಂಡತಿ. ಹೆಂಡತಿಯ ಮಗ್ಗುಲಲ್ಲಿ, ಎಲ್ಲರ ನಟ್ಟನಡುವೆ, ಬೆತ್ತದ ಒಂದು ಖಾಲಿ ಕುರ್ಚಿ. ಅದು ನನ್ನ ಸಿಂಹಾಸನ. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದೆ, ತಲೆಗೆ ಎಣ್ಣೆ ಹಚ್ಚಿ ಬಾಚಿದ್ದೆ, ಎರಡು ದಿನದಿಂದ ಕನ್ನಡಿಯ ಮುಂದೆ ಒಂದು ಮುಗುಳ್ನಗೆಯನ್ನು ಪಳಗಿಸಿದ್ದೆ. ಗುಂಡಿ ಒತ್ತಿ ಕುರ್ಚಿಯ ಕಡೆಗೆ ಗಾಂಭೀರ್ಯದಿಂದ ಹೆಜ್ಜೆ ಹಾಕಿದೆ.

ಎರಡು ಸೆಕೆಂಡಿನಲ್ಲಿ ಗಾಂಭೀರ್ಯದಿಂದ ಎಷ್ಟು ದೂರ ಹೋಗಬಹುದು? ಊಟದ ಮೇಜಿನ ತುದಿಯವರೆಗೆ. ಅಲ್ಲಿಗೆ ಬಂದಾಗ ಬೆನ್ನ ಹಿಂದೆ ಟಕ್ ಎಂದಿತು.

ಟೈಮರನ್ನು ಬೆರಳಿನ ನಡುಕಕ್ಕೆಂದು ಇಟ್ಟದ್ದು. ಅದನ್ನು ಬದಲಿಸಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಆ ಕ್ಷಣದಲ್ಲಿ ಬುದ್ಧಿಯುಳ್ಳವನು ಏನು ಮಾಡುತ್ತಿದ್ದ ಎಂದು ನನಗೆ ತಿಳಿಯದು. ನಾನು ನನ್ನದೇ ಆಜ್ಞೆಯನ್ನು ಪಾಲಿಸಿದೆ. ಟಕ್ ಅಂದಾಗ ಎಲ್ಲಿದ್ದೆನೋ ಅಲ್ಲೇ, ಒಂದು ಕಾಲು ಎತ್ತಿಕೊಂಡು, ಕಲ್ಲಾದೆ. ಮತ್ತೆ ಟಕ್ ಎಂದಿತು. ಆಗ ತಲೆಗೆ ಹೊಳೆಯಿತು, ಇನ್ನೊಂದು ಬಾಕಿ ಇದೆ! ಎದ್ದೆನೋ ಬಿದ್ದೆನೋ ಎಂದು ಓಡಿ ಕುರ್ಚಿಯ ಮೇಲೆ ಕುಕ್ಕರಿಸಿ, ಪಳಗಿಸಿದ ಮುಗುಳ್ನಗೆಯನ್ನು ತುಟಿಗೆ ತಂದುಕೊಳ್ಳುವುದಕ್ಕೂ ಮೂರನೆಯ ಟಕ್ ಬೀಳುವುದಕ್ಕೂ ಸರಿಹೋಯಿತು. ಅಷ್ಟೂ ಹೊತ್ತು ಉಳಿದವರು ಒಬ್ಬರೂ ಮಿಸುಕಲಿಲ್ಲ. ಬೆಕ್ಕೂ ಮಿಸುಕಲಿಲ್ಲ. ಜಗತ್ತಿನಲ್ಲಿ ಯಾವ ಬೆಕ್ಕೂ ಹಾಗೆ ಕೂತಿರಲಾರದು.

"ನಾನು ಮಧ್ಯದಲ್ಲಿ ನಿಂತುಬಿಟ್ಟಾಗ ಯಾರಾದ್ರೂ ಒಂದು ಮಾತು ಹೇಳಬಾರದಿತ್ತಾ?" ಎಂದು ಕೂಗಿದೆ.

"ಬೆಂಕಿ ಬಿದ್ರೂ ಬಾಯಿ ಬಿಡ್ಬೇಡಿ ಅಂದ್ರಲ್ಲ," ಎಂದಳು ಹೆಂಡತಿ.

ಹೋಗಲಿ, ಕೊನೆಯದರಲ್ಲಾದರೂ ಕುರ್ಚಿಯಲ್ಲಿದ್ದೇನಲ್ಲ, ಕಂಪ್ಯೂಟರಿಗೆ ಅಷ್ಟು ಸಾಕಾಗಬಹುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಭಾವಮೈದ ಬಸ್ಸು ಹಿಡಿಯಲು ಓಡಿದ. ಮಗಳು ಫೋಟೋ ಸೇರಿಸಿದಳು.

ಅಬ್ಬಾ! ಅಂಥ ಫೋಟೋವನ್ನು ನಾನು ಜನ್ಮದಲ್ಲಿ ತೆಗೆದಿರಲಿಲ್ಲ. ಬಳ್ಳಿಯ ಒಂದೊಂದು ಎಸಳು, ಹೆಂಡತಿಯ ಓಲೆಯ ಒಂದೊಂದು ಹರಳು, ಬೆಕ್ಕಿನ ಒಂದೊಂದು ಮೀಸೆ ಎಣಿಸಬಹುದಿತ್ತು. ಅತ್ತೆಯ ಮುಖ ಹುಣ್ಣಿಮೆಯ ಹಾಗೆ ಬೆಳಗುತ್ತಿತ್ತು. ಅವರೆಲ್ಲರ ನಡುವಿನ ಬೆತ್ತದ ಕುರ್ಚಿಯಲ್ಲಿ, ತೆಳ್ಳಗೆ ಕಾಸಿದ ಗಂಜಿಯಂತೆ, ನಾನಿದ್ದೆ. ನನ್ನ ಎದೆಯೊಳಗಿಂದ ಕುರ್ಚಿಯ ಹೆಣಿಗೆ ಕಾಣುತ್ತಿತ್ತು. ನನ್ನ ಹಣೆಯ ಮೇಲೆ ಹಿಂದಿನ ಬಳ್ಳಿಯ ಎರಡು ಹೂವು ಅರಳಿದ್ದವು. ಆ ಮುಗುಳ್ನಗೆ ಮಾತ್ರ ಗಾಳಿಯಲ್ಲಿ ತೇಲುತ್ತಿತ್ತು. ಮೇಜಿನ ಹತ್ತಿರ ಕಲ್ಲಾಗಿ ನಿಂತದ್ದರ ಗುರುತಾಗಿ ಒಂದು ಮಸುಕು ಕಾಲು ಉಳಿದಿತ್ತು.

"ಅಯ್ಯೋ, ಹೋದೆಯಾ ಪಿಶಾಚಿ ಅಂದ್ರೆ ಬಂದೆ ಗವಾಕ್ಷೀಲಿ ಅಂದಂಗಾಯ್ತು," ಎಂದಳು ಹೆಂಡತಿ. ಕಿಟಕಿಯೂ ಇತ್ತು, ಪಿಶಾಚಿಯೂ ಇತ್ತು, ನಾನು ಎದುರಾಡುವಂತಿರಲಿಲ್ಲ.

"ಇರಿ ಅಪ್ಪಾ, ಇದಕ್ಕೂ ಒಂದು ಗುಂಡಿ ಇದೆ," ಎಂದಳು ಮಗಳು. "ಮೂರು ಫೋಟೋದಲ್ಲೂ ಒಂದೇ ಥರ ಇಲ್ಲದ್ದನ್ನ ಇದು ಭೂತ ಅಂದ್ಕೊಂಡು ಸರಿಮಾಡುತ್ತೆ." ಒತ್ತಿದಳು. ಕಂಪ್ಯೂಟರ್ ಸ್ವಲ್ಪ ಯೋಚಿಸಿತು. ಆಮೇಲೆ ನನ್ನನ್ನು ಸರಿಮಾಡಿತು. ಮಸುಕು ಕಾಲು ಹೋಯಿತು, ಎದೆ ಹೋಯಿತು, ಮುಗುಳ್ನಗೆಯೂ ಹೋಯಿತು. ಕುರ್ಚಿ ಖಾಲಿಯಾಯಿತು.

"ಎಷ್ಟು ಕ್ಲೀನಾಗಿ ಬಂತು ನೋಡು!" ಎಂದರು ಅತ್ತೆ.

ನಾನು ಮಗಳ ಕೈ ಹಿಡಿದುಕೊಂಡೆ. "ಬೇಡಮ್ಮ, ಭೂತಾನೇ ಇರಲಿ. ಇಲ್ಲದೇ ಇರೋದಕ್ಕಿಂತ ಅದು ವಾಸಿ," ಎಂದೆ. ಮತ್ತೊಮ್ಮೆ ತೆಗೆಯೋಣ ಎಂದು ಕಾಲಿಗೆ ಬೀಳುವುದೊಂದು ಬಾಕಿ. "ಮತ್ತೆ ಕಲ್ಲಾಗಿ ಕೂರೋಕೆ ನನ್ನ ಕೈಲಾಗಲ್ಲಪ್ಪ. ಇಷ್ಟು ವರ್ಷಕ್ಕೆ ಒಂದ್ಸಲ ಮನುಷ್ಯರ ಹಾಗೆ ಬಂದಿದ್ದೀನಿ, ಅದನ್ನೂ ಕೆಡಿಸ್ಬೇಡ," ಎಂದರು ಅತ್ತೆ. ಮಾರನೆಯ ದಿನದ ಗಾಳಿಗೆ ಬಳ್ಳಿಯ ಹೂವೂ ಉದುರಿತು. ನಾನು ಕಚೇರಿಯಿಂದ ಬರುವಷ್ಟರಲ್ಲಿ ಹೆಂಡತಿ ಆ ಫೋಟೋವನ್ನು ದೊಡ್ಡದು ಮಾಡಿಸಿ, ಚೌಕಟ್ಟು ಹಾಕಿಸಿ, ಹಜಾರದ ಗೋಡೆಗೆ ಹೊಡೆದಿದ್ದಳು. ನನ್ನ ಮೇಲಿನ ಕರುಣೆಯಿಂದ ಭೂತವನ್ನು ಉಳಿಸಿಕೊಟ್ಟಿದ್ದಳು. ಅದಕ್ಕೆ ಋಣಿ.

ಆ ದೊಡ್ಡಮ್ಮ ಮತ್ತೆ ಬಂದದ್ದು ರಜೆಯ ದಿನ. ಹೆಂಡತಿ ಬಾಗಿಲು ತೆಗೆಯುವಾಗ ನಾನು ಅಡುಗೆಮನೆಯಲ್ಲಿ ಕಾಫಿ ಮಾಡುತ್ತಿದ್ದೆ. ಪರವಾಗಿಲ್ಲ, ಫೋಟೋ ಹೇಗಾದರೂ ಇರಲಿ, ಇಂದು ಸಾಕ್ಷಾತ್ ನಾನೇ ಇದ್ದೇನಲ್ಲ ಎಂದು ಹಿಗ್ಗಿದೆ. ತಟ್ಟೆಯಲ್ಲಿ ಲೋಟಗಳನ್ನು ಜೋಡಿಸಿಕೊಂಡು ಹಜಾರದ ಬಾಗಿಲಿಗೆ ಬಂದರೆ ಅವರು ಗೋಡೆಯ ಮುಂದೆ ನಿಂತಿದ್ದರು.

"ಎಷ್ಟು ಚೆನ್ನಾಗಿ ಸೇರಿಸಿದ್ದಾರೆ ಮಗಳೇ! ನಮ್ಮ ಕಡೆನೂ ಈಗ ಹೀಗೇ ಮಾಡಿಸ್ತಾರೆ. ಹೋದವರನ್ನ ಹೀಗೆ ಮಸುಕಾಗಿ ಪಕ್ಕದಲ್ಲಿ ಕೂರಿಸಿಕೊಡ್ತಾರೆ. ನಗುಮುಖ ಪಾಪ. ಒಳ್ಳೇ ಜೀವ ಇದ್ದಿರಬೇಕು."

ನಾನು ಕೆಮ್ಮಿದೆ. ಅವರು ತಿರುಗಿ ನನ್ನನ್ನೂ ಕಾಫಿಯನ್ನೂ ಅಡಿಯಿಂದ ಮುಡಿಯವರೆಗೆ ನೋಡಿದರು. ಆಮೇಲೆ ನನ್ನ ಹೆಂಡತಿಯನ್ನು ನೋಡಿದರು. ಅವಳು ಉಕ್ಕಿ ಬರುವ ನಗು ತಡೆಯಲಾರದೆ ತಲೆ ತಗ್ಗಿಸಿ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಿದ್ದಳು. ಭುಜ ಕುಲುಕುತ್ತಿತ್ತು.

"ತಲೆ ಯಾಕೆ ತಗ್ಗಿಸ್ತೀಯೇ ಹುಚ್ಚಿ? ಒಳ್ಳೇ ಕೆಲಸ ಮಾಡಿದ್ದೀಯ," ಎಂದರು ದೊಡ್ಡಮ್ಮ, ಅವಳ ಬೆನ್ನು ಸವರುತ್ತಾ. "ಒಂಟಿ ಹೆಂಗಸು ಎಷ್ಟು ದಿನ ಅಂತ ಇರೋಕಾಗುತ್ತೆ? ಕಾಫಿ ಮಾಡಿ ತರ್ತಾರೆ ಬೇರೆ. ಆ ಪುಣ್ಯಾತ್ಮ ಮಾಡ್ತಿದ್ನೋ ಇಲ್ವೋ."

"ಅಮ್ಮಾ," ಎಂದೆ, "ನಾನೇ ಮೊದಲನೇ ಗಂಡ. ಆ ಫೋಟೋದಲ್ಲಿರೋದೂ ನಾನೇ."

ಅವರ ಕಣ್ಣು ತುಂಬಿ ಬಂತು. "ಹಾಗೇ ಅಂದ್ಕೊಳ್ಳಪ್ಪ. ಅವನು ಬೇರೆ ಅಲ್ಲ, ನಾನು ಬೇರೆ ಅಲ್ಲ ಅನ್ನೋ ಈ ಮನಸ್ಸು ಎಷ್ಟು ಜನಕ್ಕೆ ಬರುತ್ತೆ? ಆ ಫೋಟೋ ಮಾತ್ರ ಎಂದಿಗೂ ತೆಗೆದುಹಾಕ್ಬೇಡ."

ನಾನು ಕಂಗೆಟ್ಟು ಅತ್ತೆಯ ಕಡೆ ನೋಡಿದೆ. ಇಡೀ ಮನೆಯಲ್ಲಿ ನನ್ನನ್ನು ಪುನಃ ಬದುಕಿಸುವ ಅಧಿಕಾರ ಇದ್ದದ್ದು ಅವರೊಬ್ಬರಿಗೆ. ಅವರು ಕಿಟಕಿಯ ಪಕ್ಕ ಕೂತು, ಗೋಡೆಯ ಮೇಲಿನ ತಮ್ಮ ಬೆಳ್ಳನೆಯ ಮುಖವನ್ನೊಮ್ಮೆ ನೋಡಿ, ಕಪಾಟಿನ ತುಂಬ ಇದ್ದ ಕಪ್ಪು ಮುಖಗಳ ಆಲ್ಬಂಗಳನ್ನೊಮ್ಮೆ ನೋಡಿ, ಕಾಫಿ ಲೋಟ ಎತ್ತಿಕೊಂಡರು.

"ಪರವಾಗಿಲ್ಲ, ಇವರೂ ಹೊಂದ್ಕೊಂಡು ಹೋಗ್ತಾರೆ," ಎಂದರು.

ಅಲ್ಲಿಗೆ ನನ್ನ ಕಥೆ ಮುಗಿಯಿತು. ದೊಡ್ಡಮ್ಮನಿಗೆ ಮನಸ್ಸು ತುಂಬಿ ಬಂದು, ಹೊರಡುವ ಮುಂಚೆ ನೆನಪಿಗೆ ಒಂದು ಫೋಟೋ ಬೇಕು ಎಂದರು. ಮನೆಮಂದಿಯೆಲ್ಲ ಒಟ್ಟಿಗೆ ಇರಬೇಕು, ಹೊಸ ಅಳಿಯಂದಿರೂ ಇರಲೇಬೇಕು ಎಂದು ಒತ್ತಿ ಹೇಳಿದರು. ಅತ್ತೆಯ ಸುತ್ತ ಎಲ್ಲರೂ ಸೇರಿದರು. ಬೆತ್ತದ ಕುರ್ಚಿಯನ್ನೂ ಎಳೆದು ನಡುವೆ ಇಟ್ಟರು. ನಾನು ಅದರಲ್ಲಿ ಕೂತೂ ಬಿಟ್ಟೆ.

"ಅದ್ಸರಿ, ಫೋಟೋ ಯಾರು ತೆಗೆಯೋದು?" ಎಂದಳು ಮಗಳು.

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಎದ್ದು ಹೋಗಿ ಕ್ಯಾಮೆರಾ ತಂದೆ.